ದರ್ಜಿಯ ಜೊತೆ ಅತ್ತೆ ಹಾರಿದ್ದು

ನಮ್ಮ ಸೋದರತ್ತೆ ಇಪ್ಪತ್ತಾರು ವರ್ಷ ಒಂದೇ ಟ್ರಾವೆಲ್ಸ್ ಆಫೀಸಿನಲ್ಲಿ ವಿಮಾನದ ಟಿಕೆಟ್ ಮಾಡಿಕೊಟ್ಟವಳು. ಯಾವ ಊರಿಂದ ಯಾವ ಊರಿಗೆ ಎಷ್ಟು ಕಿಲೋಮೀಟರ್, ಹಾರುವುದಕ್ಕೆ ಎಷ್ಟು ಹೊತ್ತು, ಎಲ್ಲ ಅವಳ ನಾಲಿಗೆ ತುದಿಯಲ್ಲಿರುತ್ತಿತ್ತು. ನಾವು ಬಾಯಿಗೆ ಬಂದ ಎರಡು ಊರು ಹೇಳಿ ಕೆಣಕಿದರೆ, ಬಟ್ಟೆ ಮಡಿಸುತ್ತಲೇ ಉತ್ತರ ಕೊಡುತ್ತಿದ್ದಳು. ಆದರೆ ಸ್ವತಃ ಒಂದು ಸಲವೂ ವಿಮಾನ ಹತ್ತಿದವಳಲ್ಲ. ಕೇಳಿದರೆ, "ರಜ ಎಲ್ಲಿದೆ?" ಅನ್ನುತ್ತಿದ್ದಳು. ನಿಜ ಏನೆಂದರೆ, ಏಣಿಯ ನಾಲ್ಕನೇ ಮೆಟ್ಟಿಲಿಗೇ ಅವಳ ಕಾಲು ನಡುಗುತ್ತಿತ್ತು.

ಆಫೀಸಿನ ಎದುರಿಗೇ ಒಬ್ಬ ದರ್ಜಿಯ ಅಂಗಡಿ. ಅರವತ್ತು ದಾಟಿದ ಮನುಷ್ಯ, ಮಾತು ಕಮ್ಮಿ. ತಿಂಗಳಿಗೊಮ್ಮೆ ಕೊರಳಲ್ಲಿ ಟೇಪು ನೇತುಹಾಕಿಕೊಂಡೇ ಬಂದು, ತಂಗಿಯ ಊರಿಗೆ ಎಷ್ಟು ಹೊತ್ತಾಗುತ್ತೆ ಅಂತ ಕೇಳುತ್ತಿದ್ದ.

"ಸಾವಿರದ ಇನ್ನೂರು ಕಿಲೋಮೀಟರ್. ಒಂದು ಗಂಟೆ ಐವತ್ತು ನಿಮಿಷ."

"ನೋಡೋಣ," ಅಂತ ಹೊರಟುಬಿಡುತ್ತಿದ್ದ. ರೈಲಿನಲ್ಲಾದರೆ ಒಂದೂವರೆ ದಿನ. ಅವನ ಬೆನ್ನು ಅದಕ್ಕೆ ಒಪ್ಪುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅತ್ತೆ ಚೀಲದ ಜಿಪ್ ಹಾಕಿಸಲು ಹೋದಾಗ, ದರ್ಜಿ ಸೊಂಟಕ್ಕೊಂದು ಬಟ್ಟೆಪಟ್ಟಿ ಬಿಗಿದುಕೊಂಡು, ಕಣ್ಣುಮುಚ್ಚಿ ಕುರ್ಚಿಯಲ್ಲಿ ಕೂತಿದ್ದ. ಎದುರಿಗೆ ಅಲಾರಾಂ ಗಡಿಯಾರ.

"ಏನ್ರೀ ಇದು?"

"ವಿಮಾನದಲ್ಲಿ ಕೂರೋ ಅಭ್ಯಾಸ. ಕೆಳಗೆ ನೆಲ ಇಲ್ಲ ಅಂದ್ಕೋತೀನಿ. ನಲವತ್ತು ನಿಮಿಷ ತಡ್ಕೋತೀನಿ, ಆಮೇಲೆ ಎದ್ದುಬಿಡ್ತೀನಿ."

ತಂಗಿಗೆ ಸೊಂಟದ ಆಪರೇಷನ್ ಆಗಿದೆ, ಅವಳು ಬರೋ ಹಾಗಿಲ್ಲ, ಮುಖ ನೋಡಿ ಹನ್ನೊಂದು ವರ್ಷವಾಯಿತು ಅಂದ. ಆಮೇಲೆ ಕೇಳಿದ: "ನೀವು ಮೊದಲ ಸಲ ಹತ್ತಿದಾಗ ಹೇಗಿತ್ತು?"

ಅತ್ತೆಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. "ನಾನೂ ಹತ್ತಿಲ್ಲ."

ದರ್ಜಿ ಕಣ್ಣು ಬಿಟ್ಟ. "ಎಲ್ಲರನ್ನೂ ಹತ್ತಿಸಿ ನೀವು ಕೆಳಗೇ ನಿಂತ್ರಾ?"

ಆ ಮಾತು ಅತ್ತೆಗೆ ಚುಚ್ಚಿತು. ಮಾರನೇ ವಾರ ಅಕ್ಕಪಕ್ಕದ ಎರಡು ಸೀಟು ಕಾದಿರಿಸಿ, ಅವನ ಟಿಕೆಟ್ಟನ್ನು ಹೊಲಿಗೆ ಮಿಷನ್ ಮೇಲಿಟ್ಟಳು. "ನನ್ನ ಬಿಟ್ಟು ದರ್ಜಿ ಜೊತೆ ಹಾರ್ತೀಯಾ?" ಅಂತ ಮಾವ ರೇಗಿಸಿದ. "ನಿಮ್ಮ ಕೈ ಹಿಡಿದು ಮೂವತ್ತು ವರ್ಷ ಆಯ್ತು, ಒಂದು ದಿನ ಬಿಡಿ," ಅಂದಳು.

ವಿಮಾನ ಮೇಲೇಳುವಾಗ ಯಾರು ಯಾರ ಕೈ ಹಿಡಿದರೋ ಇಬ್ಬರಿಗೂ ನೆನಪಿಲ್ಲ. ಅತ್ತೆ ಕಣ್ಣುಮುಚ್ಚಿ ಕಿಲೋಮೀಟರ್ ಎಣಿಸುತ್ತಿದ್ದಳು. ದರ್ಜಿ ಮುಂದಿನ ಸೀಟನ್ನೇ ದಿಟ್ಟಿಸುತ್ತಿದ್ದವನು, "ಹೊಲಿಗೆ ಸಡಿಲ ಹಾಕಿದಾರೆ," ಅಂದ. ಅತ್ತೆಗೆ ನಗು ತಡೆಯಲಾಗಲಿಲ್ಲ. ಆಮೇಲೆ ಅವನೂ ನಕ್ಕ. ನಲವತ್ತು ನಿಮಿಷ ದಾಟಿದ್ದು ಗೊತ್ತೇ ಆಗಲಿಲ್ಲವಂತೆ.

ಇಳಿದಾಗ ವಿಮಾನ ನಿಲ್ದಾಣದ ಹೊರಬಾಗಿಲಲ್ಲಿ ತಂಗಿ ಕೋಲೂರಿ ನಿಂತಿದ್ದಳು. ದರ್ಜಿ ಅವಳ ತೋಳು ಹಿಡಿದು, "ಎಷ್ಟು ಇಳಿದುಹೋಗಿದೀಯೇ," ಅಂದ. "ಎರಡು ಗಂಟೆನೂ ಆಗಲಿಲ್ಲ ಕಣೇ. ಇಷ್ಟಕ್ಕೆ ಹೆದರಿ ಹನ್ನೊಂದು ವರ್ಷ ಕಳೆದುಬಿಟ್ಟೆ."

"ಬಂದ್ಯಲ್ಲ, ನಡಿ," ಅಂದಳು ತಂಗಿ.

ದರ್ಜಿ ಎರಡು ತಿಂಗಳು ಅಲ್ಲೇ ಉಳಿದ. ಅತ್ತೆ ಸಂಜೆಯ ವಿಮಾನದಲ್ಲಿ ಒಬ್ಬಳೇ ಕಿಟಕಿ ಪಕ್ಕ ಕೂತು ವಾಪಸಾದಳು. ಮನೆಗೆ ಬಂದವಳೇ ಚಪ್ಪಲಿ ಬಿಡುವ ಮೊದಲೇ ಮಾವನಿಗೆ, "ಮೋಡನ ಮೇಲಿಂದ ನೋಡಬೇಕು ರೀ," ಅಂದಳು.