ಸಕ್ಕರೆ ಅಚ್ಚಿಗೆ ನೀಲಿ ಬಣ್ಣ

ಸಂಕ್ರಾಂತಿಗೆ ಇನ್ನೊಂದು ವಾರವಿತ್ತು. ಶನಿವಾರ ಬೆಳಿಗ್ಗೆ ಆಫೀಸಿಗೆ ಹೊರಟ ಮಗಳು ಬಾಗಿಲಲ್ಲಿ ನಿಂತು ನನಗೊಂದು ಆಜ್ಞೆ ಹೊರಡಿಸಿದಳು. ಮಕ್ಕಳ ಕೈಗೆ ಫೋನ್ ಕೊಡಲೇಬಾರದು, ಅದರ ಬದಲು ಕೂರಿಸಿಕೊಂಡು ಹಬ್ಬದ ಶುಭಾಶಯದ ಕಾರ್ಡು ಮಾಡಿಸಬೇಕು. ಮಾಡಿಸುವುದು ಹೇಗೆ ಎಂಬ ವಿಡಿಯೋಗಳನ್ನು ಅವಳು ಕಳಿಸಿದ್ದು ನನ್ನ ಫೋನಿಗೆ. ಅವನ್ನು ನೋಡಬೇಕೆಂದು ಮಕ್ಕಳು ಅದೇ ಫೋನನ್ನು ಕಿತ್ತುಕೊಂಡರು. ಅವಳ ಬಸ್ಸು ಬರುವ ಮೊದಲೇ ಆಜ್ಞೆ ಮುಗಿದುಹೋಗಿತ್ತು.

ಮೊಮ್ಮಕ್ಕಳಲ್ಲಿ ದೊಡ್ಡವಳಿಗೆ ಏಳು ವರ್ಷ, ಚಿಕ್ಕವಳಿಗೆ ಐದು. ವಿಡಿಯೋದ ಮಕ್ಕಳು ಬಿಳಿ ಮೇಜಿನ ಮುಂದೆ ಕೂತು, ಬಟ್ಟೆಗೆ ಒಂದು ಹನಿ ಗೋಂದೂ ತಾಗದಂತೆ ಹೂವು ಕತ್ತರಿಸಿ ಅಂಟಿಸುತ್ತಿದ್ದರು. ತುಮಕೂರಿನ ನಮ್ಮ ಮನೆಯಲ್ಲಿ ಮೊದಲು ಗೋಂದಿನ ಬಾಟಲಿ ಯಾರದು ಎಂದು ಜಡೆ ಜಗಳವಾಯಿತು. ಆಮೇಲೆ ಚಿಕ್ಕವಳು ಎರಡು ಬೆರಳನ್ನು ಒಂದಕ್ಕೊಂದು ಅಂಟಿಸಿಕೊಂಡು ಅತ್ತಳು. ಕಾರ್ಡು ಮಾತ್ರ ಒಂದೂ ಆಗಲಿಲ್ಲ.

ನನಗೋ ಬೇರೆಯೇ ಚಿಂತೆ. ಕುಣಿಗಲ್‌ನಲ್ಲಿರುವ ನನ್ನ ಅಕ್ಕ ಪ್ರತಿ ಸಂಕ್ರಾಂತಿಗೂ ನಮ್ಮ ಇಡೀ ಬಳಗಕ್ಕೆ ಸಕ್ಕರೆ ಅಚ್ಚು ಮಾಡುತ್ತಿದ್ದಳು. ಅಮ್ಮನ ಕಾಲದ ಮರದ ಅಚ್ಚುಗಳು ಅವಳ ಹತ್ತಿರವೇ ಇದ್ದವು; ಗಿಣಿ, ಆನೆ, ಗೋಪುರ, ಕಳಶ. ಕಳೆದ ಆಷಾಢದಲ್ಲಿ ಭಾವ ತೀರಿಕೊಂಡರು. ವರ್ಷ ತುಂಬುವವರೆಗೆ ಆ ಮನೆಯಲ್ಲಿ ಹಬ್ಬವಿಲ್ಲ. ಅಕ್ಕ ಅಚ್ಚುಗಳನ್ನು ಬಟ್ಟೆ ಚೀಲದಲ್ಲಿ ಕಟ್ಟಿ, "ನೀನೇ ಮಾಡ್ಕೋ" ಎಂದಷ್ಟೇ ಹೇಳಿ ನನಗೆ ಕಳಿಸಿದ್ದಳು.

ಅಷ್ಟೇ ಹೇಳಿದ್ದು ನನ್ನನ್ನು ಹೆದರಿಸಿತು. ನನ್ನ ಸಾರಿಗೆ ಉಪ್ಪು ಜಾಸ್ತಿಯಾಗಿದೆ ಎಂದು ಫೋನಿನಲ್ಲಿ ಅರ್ಧ ಗಂಟೆ ಬೈಯಬಲ್ಲ ಹೆಂಗಸು ಅವಳು. ಸಾರಿನ ರುಚಿಯನ್ನು ಕುಣಿಗಲ್‌ನಿಂದಲೇ ಕಂಡುಹಿಡಿಯುತ್ತಿದ್ದಳು! ಅಂಥವಳು ಭಾವ ಹೋದ ಮೇಲೆ "ಹ್ಞೂಂ", "ಊಟ ಆಯ್ತು", "ಇಡ್ಲಾ" ಇಷ್ಟಕ್ಕೆ ಬಂದು ನಿಂತಿದ್ದಳು. ಅವಳು ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಆ "ಹ್ಞೂಂ"ಗೆ ಏನು ಹೇಳಲಿ?

ನಾನು ಮಾಡಿದ ಸಕ್ಕರೆ ಅಚ್ಚಿನ ಕಥೆಯನ್ನು ಹೆಚ್ಚು ಹೇಳುವುದಿಲ್ಲ. ಪಾಕ ಗಟ್ಟಿಯಾಗಿ, ಮರಕ್ಕೆ ಕಚ್ಚಿಕೊಂಡು, ಗಿಣಿಯ ತಲೆ ಒಂದು ಕಡೆ ಬಾಲ ಇನ್ನೊಂದು ಕಡೆ ಆಯಿತು. ಅಚ್ಚುಗಳನ್ನು ಬಿಸಿನೀರಲ್ಲಿ ನೆನೆಸಿ, ತೊಳೆದು, ವರಾಂಡದ ನೆರಳಲ್ಲಿ ಒಣಗಲು ಇಟ್ಟಿದ್ದೆ. ಮಕ್ಕಳು ಗಲಾಟೆ ನಿಲ್ಲಿಸಿದಾಗಲೇ ನಾನು ಎದ್ದು ಹೋಗಿ ನೋಡಬೇಕಿತ್ತು.

ಹೋಗಿ ನೋಡಿದರೆ, ಅಮ್ಮನ ಅಚ್ಚುಗಳ ಮುಖಕ್ಕೆಲ್ಲ ನೀಲಿ ಪೇಂಟು. ದೊಡ್ಡವಳು ಅಚ್ಚನ್ನು ಕಾಗದದ ಮೇಲೆ ಒತ್ತುತ್ತಿದ್ದಳು, ಚಿಕ್ಕವಳು ಅದರ ಮೇಲೆ ಹತ್ತಿ ಕೂರುತ್ತಿದ್ದಳು. ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಅಚ್ಚು ಎತ್ತಿದರು. ಗಿಣಿಯನ್ನು ಒಳಗೆ ಕೊರೆದಿರುವುದರಿಂದ ಅಲ್ಲಿಗೆ ಬಣ್ಣ ತಾಗಿರಲಿಲ್ಲ. ಸುತ್ತಲೂ ನೀಲಿ, ನಡುವೆ ಬೆಳ್ಳಗೆ ಒಂದು ಗಿಣಿ. ಎಷ್ಟು ಚೆನ್ನಾಗಿತ್ತೆಂದರೆ, ತೆರೆದ ಬಾಯಿಂದ "ಆನೇನೂ ಒತ್ರೇ" ಎಂಬ ಮಾತು ಹೊರಬಿತ್ತು. ಅಜ್ಜಿಯರ ಶಿಸ್ತು ಇಷ್ಟೇ.

ಸಂಜೆಯ ಹೊತ್ತಿಗೆ ಎಲ್ಲರಿಗೂ ಕಾರ್ಡು ಸಿದ್ಧವಾಗಿತ್ತು. ಗಿಣಿಯ ಕಾರ್ಡನ್ನು ಮಕ್ಕಳು ಕುಣಿಗಲ್ ದೊಡ್ಡಜ್ಜಿಗೆ ಎಂದು ಎತ್ತಿಟ್ಟಿದ್ದರು.

"ಅವ್ರ ಮನೇಲಿ ಈ ವರ್ಷ ಹಬ್ಬ ಇಲ್ಲ ಕಣೇ. ಶುಭಾಶಯ ಕಳಿಸ್ಬಾರ್ದು" ಎಂದೆ.

"ಹಂಗಾದ್ರೆ ಶುಭಾಶಯ ಅಂತ ಬರಿಯಲ್ಲ ಬಿಡಜ್ಜಿ" ಎಂದಳು ದೊಡ್ಡವಳು. ಏನೋ ಬರೆದಳು. ನಾನು ಓದಲಿಲ್ಲ; ಕಾರ್ಡನ್ನು ಟಿವಿ ಹಿಂದೆ ಇಟ್ಟೆ.

ಭಾನುವಾರ ಗುಬ್ಬಿಯಿಂದ ತಮ್ಮ ಬಂದ, ಅವರೆಕಾಯಿ ಹೊತ್ತುಕೊಂಡು. ಮರುದಿನ ಅವನಿಗೆ ಕುಣಿಗಲ್ ತಾಲ್ಲೂಕು ಕಚೇರಿಯಲ್ಲಿ ಕೆಲಸವಿತ್ತು. ಚಿಕ್ಕವಳು ಟಿವಿ ಹಿಂದೆ ಕೈ ಹಾಕಿ ಕಾರ್ಡು ಎಳೆದು ಅವನ ಬ್ಯಾಗಿಗೆ ತುರುಕಿದ್ದಾಳೆ. ನನ್ನ ತಮ್ಮ ಏನು ಕೊಟ್ಟರೂ ಏಕೆ ಎಂದು ಕೇಳದೆ ತಲುಪಿಸುವ ಮನುಷ್ಯ. ಈ ಗುಣವನ್ನು ಊರೆಲ್ಲ ಹೊಗಳುತ್ತದೆ.

ಸೋಮವಾರ ಮಧ್ಯಾಹ್ನ ಅಕ್ಕನ ಫೋನು ಬಂತು. ಆಷಾಢದಿಂದೀಚೆಗೆ ಅವಳಾಗಿ ಮಾಡಿದ್ದು ಅದೇ ಮೊದಲು.

"ಏನೇ ಇದು, ಗಿಣಿ ಕಾರ್ಡು?"

ಸಾವಾದ ಮನೆಗೆ ಹಬ್ಬದ ಕಾರ್ಡು. "ಅಕ್ಕ, ಮಕ್ಕಳು ತಿಳೀದೆ..." ಎಂದು ಶುರುಮಾಡಿದೆ.

"ಮಕ್ಕಳಿಗೆ ತಿಳೀದೆ ಹೋದ್ರೆ ನಿಂಗೆ ಏನಾಗಿತ್ತೇ ದೊಡ್ ರೋಗ? ಇದು ಅಮ್ಮನ ಅಚ್ಚು ಕಣೇ! ರೆಕ್ಕೆ ಹತ್ರ ಸೀಳಿರೋದೂ ಹಂಗೇ ಬಂದೈತೆ ಇದ್ರಾಗೆ. ಅಚ್ಚಿಗೆ ಪೇಂಟ್ ಬಳ್ದಿದೀರಾ? ಬುದ್ಧಿ ಎಲ್ಲಿಟ್ಟಿದ್ದೆ?"

ಅಪರಾಧದ ಸಾಕ್ಷಿಯನ್ನು ನಮ್ಮ ಮನೆಯವರೇ ಅವಳ ಕೈಗೆ ತಲುಪಿಸಿದ್ದರು. ಅವಳು ನಿಲ್ಲಿಸಲಿಲ್ಲ. ನಾನು ಪಾಕ ಕೆಡಿಸಿದ್ದೂ ಅವಳಿಗೆ ಗೊತ್ತಾಗಿತ್ತು. ದೊಡ್ಡವಳು ಕಾರ್ಡಿನೊಳಗೆ ಬರೆದದ್ದು ಇಷ್ಟು: "ದೊಡ್ಡಜ್ಜಿ, ಅಜ್ಜಿ ಮಾಡಿದ ಗಿಣಿಗೆ ತಲೆ ಇಲ್ಲ. ನೀವೇ ಬನ್ನಿ."

"ಪಾಕಕ್ಕೆ ಹಾಲು ಹಾಕಿ ಕೊಳೆ ತೆಗೆದ್ಯಾ? ಇಲ್ಲ. ಅಚ್ಚು ಮೊದ್ಲೇ ನೆನೆಸಿದ್ಯಾ? ಇಲ್ಲ. ನಿನ್ನ ಜನ್ಮದಲ್ಲಿ..." ಅಕ್ಕ ಏರುದನಿಯಲ್ಲಿ ಬೈಯುತ್ತಿದ್ದಳು. ನಾನು ಅಡುಗೆಮನೆಯ ನೆಲದ ಮೇಲೆ ಕೂತು ಸೆರಗಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದೆ. ಇನ್ನೂ ಬೈಯಲಿ, ಫೋನ್ ಇಡದಿರಲಿ ಎನಿಸುತ್ತಿತ್ತು. ನನ್ನ ಅಕ್ಕ ನನಗೆ ವಾಪಸ್ ಸಿಕ್ಕಿದ್ದಳು.

ಮರುದಿನ ಬೆಳಗಿನ ಬಸ್ಸಿಗೇ ಬಂದಳು. ಬಂದವಳೇ ಹುಣಸೆಹಣ್ಣು ಹಾಕಿ ಅಚ್ಚುಗಳನ್ನು ಉಜ್ಜಿದಳು, ಮಕ್ಕಳನ್ನು ಮುದ್ದು ಮಾಡಿದಳು, ನನ್ನನ್ನು ಒಲೆಯ ಹತ್ತಿರ ಸೇರಿಸಲಿಲ್ಲ. ಆನೆ, ಗೋಪುರ, ಕಳಶ ಬೆಳ್ಳಗೆ ಎದ್ದು ಬಂದವು. ಮೊದಲು ತೆಗೆದ ಗಿಣಿ ಮಾತ್ರ, ಉಜ್ಜುವಾಗ ಅಚ್ಚಿನೊಳಗೆ ಇಳಿದಿದ್ದ ಬಣ್ಣ ಹತ್ತಿ, ತಿಳಿ ನೀಲಿಯಾಗಿತ್ತು. ತಿನ್ನುವ ಹಾಗಿಲ್ಲವೆಂದು ನಾನು ಅದನ್ನು ಕಸಕ್ಕೆ ಹಾಕಲು ಹೋದೆ. ಅಕ್ಕ ಕಿತ್ತುಕೊಂಡಳು.

ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ನೋಡಿದರೆ, ಅದನ್ನು ಪೇಪರಿನಲ್ಲಿ ಸುತ್ತಿ ಮಕ್ಕಳ ಕಾರ್ಡಿನ ಜೊತೆ ಬ್ಯಾಗಿನಲ್ಲಿ ಇಟ್ಟುಕೊಂಡಿದ್ದಳು. ನಾನು ಅವಳ ಮುಖ ನೋಡಿದೆ.

"ನಮ್ಮನೇಲಿ ಹಬ್ಬ ಇಲ್ಲ ಕಣೇ," ಎಂದಳು ಅಕ್ಕ. "ಗಿಣಿ ಇರ್ಬಾರ್ದು ಅಂತ ಯಾರಾದ್ರೂ ಹೇಳವ್ರಾ?"