ತಿಮ್ಮರಾಯಪ್ಪನ ಕೂಗು ಅಳೆದ ಸುಗುಣಾ

ಅದಿಯಮಾನ್‌ಕೋಟೆಯ ಸುಗುಣಾ ಸೇಲಂನ ಆಸ್ಪತ್ರೆಯೊಂದರಲ್ಲಿ ಹೃದ್ರೋಗಿಗಳಿಗೆ ವ್ಯಾಯಾಮ ಕಲಿಸುವ ಕೆಲಸಕ್ಕೆ ಸೇರಿ ಆರು ವರ್ಷವಾಗಿತ್ತು. ಅದೇನು ಕೆಲಸವೆಂಬುದು ಅವಳ ಅಜ್ಜಿ ಚೆಲ್ಲಮ್ಮನಿಗೆ ಮಾತ್ರ ಇನ್ನೂ ತಿಳಿದಿರಲಿಲ್ಲ.

"ಡಾಕ್ಟ್ರೂ ಅಲ್ಲ, ನರ್ಸೂ ಅಲ್ಲ. ಡ್ರಿಲ್ ಮೇಷ್ಟ್ರ ಕೆಲಸಕ್ಕೆ ಅಷ್ಟು ವರ್ಷ ಓದಬೇಕಾಯ್ತೇನಮ್ಮಿ?"

"ಡ್ರಿಲ್ ಮೇಷ್ಟ್ರು ಓಡು ಅಂತಾರೆ ಅಜ್ಜಿ. ಎಲ್ಲಿ ನಿಲ್ಲಬೇಕು ಅಂತ ಹೇಳೋಕೆ ಓದಬೇಕು."

ಅವಳಲ್ಲಿಗೆ ಬರುತ್ತಿದ್ದವರಲ್ಲಿ ಕಂಬೈನಲ್ಲೂರು ಕಡೆಯ ಕುರಿಗಾಹಿ ತಿಮ್ಮರಾಯಪ್ಪ ಒಬ್ಬ. ಹೃದಯಾಘಾತವಾಗಿ ಸ್ಟೆಂಟ್ ಹಾಕಿಸಿಕೊಂಡ ಮೇಲೆ ಅವನ ಹೆಂಡತಿ ಅಂಕಮ್ಮ ಅವನ ಕೋಲನ್ನು ಅಟ್ಟಕ್ಕೇರಿಸಿ, ಮೂರು ತಿಂಗಳಿಂದ ತಾನೇ ಕುರಿ ಮೇಯಿಸಿ ಸೋತಿದ್ದಳು. ಶುಕ್ರವಾರ ಡಾಕ್ಟರ್ ಶಿವರಾಮನ್ ಒಪ್ಪಿದರೆ ಕೋಲು ಕೆಳಗಿಳಿಯುತ್ತದೆ. ಇಲ್ಲವಾದರೆ ನಲವತ್ತು ಕುರಿಗಳೂ ಶಂಕಗಿರಿಯಲ್ಲಿರುವ ತನ್ನ ತಮ್ಮನ ಮನೆಗೆ ಹೋಗುತ್ತವೆಂದು ಅವಳು ತೀರ್ಮಾನಿಸಿದ್ದಳು. ಡಾಕ್ಟರರು ನೋಡುವುದು ಸುಗುಣಾಳ ವರದಿಯನ್ನು.

ಟ್ರೆಡ್‌ಮಿಲ್ ಮೇಲೆ ತಿಮ್ಮರಾಯಪ್ಪ ನೂಕುನುಗ್ಗಲಿನ ಬಸ್ಸಿನಲ್ಲಿ ನಿಂತವನಂತೆ ಕಂಬಿ ಹಿಡಿದು ನಡೆದ. ನಾಡಿ ಏರಲಿಲ್ಲ. ಅವನು ನುಂಗುವ ಮಾತ್ರೆಯೇ ನಾಡಿಯನ್ನು ಅದುಮಿಡುತ್ತದೆ, ಆ ಅಂಕಿಯೊಂದನ್ನೇ ನಂಬಿ ಕೂರಬಾರದು ಎಂಬುದು ಸುಗುಣಾಳಿಗೆ ಗೊತ್ತು. ನಡೆಯುತ್ತ ಸಲೀಸಾಗಿ ಮಾತಾಡಬಲ್ಲವನಿಗೆ ಆ ಶ್ರಮ ಹೆಚ್ಚಲ್ಲ ಎಂಬುದು ಅವಳು ಕಲಿತ ಇನ್ನೊಂದು ಲೆಕ್ಕ.

"ಏನಾದ್ರೂ ಮಾತಾಡ್ತಾ ನಡೀರಿ, ಅಪ್ಪಾ."

"ಊಂ."

ಪಕ್ಕದಲ್ಲಿ ಕುಳಿತಿದ್ದ ಅಂಕಮ್ಮ ನಕ್ಕಳು. "ಮದುವೆಯಾಗಿ ನಲವತ್ತು ವರ್ಷ ಆಯ್ತು, ನನ್ನ ಅತ್ರಾನೇ ಮಾತಾಡಿಲ್ಲ. ನಿಮ್ಮ ಮಿಷಿನ್ ಅತ್ರ ಮಾತಾಡ್ತಾನಾ?"

"ದಿನವೆಲ್ಲ ಬಾಯೇ ಬಿಡೋಲ್ವಾ?"

"ಕುರಿ ಅತ್ರ ಬಿಡ್ತಾನೆ. ಇವನು ಕೂಗಿದ್ರೆ ಏರಿ ಆಚೆಗೂ ಕೇಳ್ತೈತೆ."

ಸುಗುಣಾ ಬರೆಯುತ್ತಿದ್ದ ಕಾಗದವನ್ನು ಮಡಿಚಿಟ್ಟಳು. ಬುಧವಾರ ಬೆಳಗ್ಗೆ ರಕ್ತದೊತ್ತಡದ ಉಪಕರಣವನ್ನು ಚೀಲಕ್ಕೆ ಹಾಕಿಕೊಂಡು ಅವರ ಊರಿಗೇ ಹೋದಳು. ಅಂಕಮ್ಮ ಗೊಣಗುತ್ತಲೇ ಕೋಲನ್ನು ಇಳಿಸಿಕೊಟ್ಟಳು. "ಒಂದು ಗಂಟೆಗೆ ಮಾತ್ರ. ಎರವಲು."

ಬಯಲಿನಲ್ಲಿ ಅರ್ಧ ಗಂಟೆ ನಿಂತು ನೋಡಿದ ಮೇಲೆ ಸುಗುಣಾಳಿಗೆ ಟ್ರೆಡ್‌ಮಿಲ್ ಹೇಳದ ಸಂಗತಿಯೊಂದು ತಿಳಿಯಿತು. ಕುರಿಗಾಹಿ ಹೆಚ್ಚು ನಡೆಯುವುದಿಲ್ಲ. ಕೋಲಿಗೆ ಒರಗಿ ನಿಲ್ಲುತ್ತಾನೆ. ಅಪಾಯವಿರುವುದು ನಡಿಗೆಯಲ್ಲಲ್ಲ. ಅಷ್ಟರಲ್ಲಿ ಮುಂದಾಳು ಕುರಿ ಪಕ್ಕದವರ ಕಡಲೆಕಾಯಿ ಹೊಲಕ್ಕೆ ನುಗ್ಗಿತು. ತಿಮ್ಮರಾಯಪ್ಪ ಎಲ್ಲವನ್ನೂ ಮರೆತು ಓಡಲು ಪಂಚೆ ಎತ್ತಿ ಕಟ್ಟಿದ.

"ನಿಲ್ಲಿ ಅಪ್ಪಾ. ಕಾಲು ಆಮೇಲೆ. ಮೊದಲು ಕೂಗಿ."

"ಬರೀ ಕೂಗಿದ್ರೆ ಕೇಳ್ತೈತಾ?"

"ಕೇಳುತ್ತೋ ಇಲ್ವೋ ನೋಡೋಣ."

ಅವನು ಕೂಗಿದ. ಕೂಗು ನಡುವೆಯೇ ಮುರಿಯಿತು. ಕುರಿ ತಲೆಯೆತ್ತಿ ಅವನನ್ನೊಮ್ಮೆ ನೋಡಿ ಮತ್ತೆ ಬಾಯಿ ಹಾಕಿತು. ಸುಗುಣಾ ಅವನನ್ನು ಕೋಲಿಗೆ ಒರಗಿಸಿ ಮೆಲ್ಲಗೆ ಉಸಿರಾಡಿಸಿದಳು, ಎದೆ ಬಿಗಿಯುತ್ತಿದೆಯೇ ಎಂದು ವಿಚಾರಿಸಿದಳು, ರಕ್ತದೊತ್ತಡ ನೋಡಿದಳು. ಎಲ್ಲ ಸರಿಯಿತ್ತು. ಎರಡನೆಯ ಸಲ ಕೂಗು ತುಂಡಾಗದೆ ಉದ್ದಕ್ಕೆ ಹೋಯಿತು. ಕಿವಿ ಆಡಿಸುತ್ತ ಕುರಿ ತಿರುಗಿತು. ಹಿಂಡು ಅದರ ಹಿಂದೆ ಬಂತು.

"ಇಷ್ಟು ವರ್ಷ ಸುಮ್ನೆ ಓಡಿದೀನಲ್ಲ," ಎಂದ ತಿಮ್ಮರಾಯಪ್ಪ. ಅದು ಅವನ ಅತಿ ಉದ್ದದ ಮಾತು.

ಶುಕ್ರವಾರ ಡಾಕ್ಟರರು ವರದಿಯನ್ನು ಎರಡು ಸಲ ಓದಿದರು. ಮಾತಾಡದವನಿಗೆ ಕೂಗೇ ಅಳತೆ ಎಂದು ಅದರಲ್ಲಿ ಬರೆದಿತ್ತು: ಕೂಗು ಪೂರ್ತಿ ಬಂದರೆ ಅದೇ ವೇಗದಲ್ಲಿ ನಡಿಗೆ, ಮುರಿದರೆ ಕೋಲಿಗೆ ಒರಗುವುದು, ಎದೆ ಬಿಗಿದರೆ ಕೂತು, ಕೂಡಲೇ ಆಂಬುಲೆನ್ಸಿಗೆ ಫೋನ್, ಓಟ ಇಲ್ಲ.

"ಏನಮ್ಮಾ, ಕುರಿಯನ್ನೂ ಪರೀಕ್ಷೆಗೆ ಸೇರಿಸಿದ್ಯಾ?"

"ಅವರ ಕೆಲಸ ಅಲ್ಲೇ ಇರೋದು, ಸರ್."

ಬಿಸಿಲೇರುವ ಮೊದಲು ಮನೆ ಸೇರಬೇಕೆಂಬ ಷರತ್ತನ್ನೂ ಸೇರಿಸಿ ಅವರು ಸಹಿ ಹಾಕಿದರು.

"ಇವನ ಹಿಂದೆ ನಾನೂ ಅಲೀಬೇಕಾ?" ಎಂದು ಕೇಳಿದಳು ಅಂಕಮ್ಮ.

"ಬೇಡಮ್ಮ. ಬಾಗಿಲಲ್ಲಿ ಕೂತು ಕಿವಿಗೊಡಿ, ಸಾಕು."

ತಿಂಗಳ ಮೇಲೊಂದು ಭಾನುವಾರ ಬೆಳಗ್ಗೆ ಸುಗುಣಾ ಅಜ್ಜಿಯ ತಲೆ ಬಾಚುತ್ತಿದ್ದಾಗ ಅಂಕಮ್ಮನ ಫೋನ್ ಬಂತು. "ಕೇಳಮ್ಮಾ" ಎಂದಷ್ಟೇ ಹೇಳಿ ಅವಳು ಫೋನನ್ನು ಹೊರಗೆ ಚಾಚಿದಳು. ದೂರದಿಂದ ಕೂಗೊಂದು ಉದ್ದಕ್ಕೆ, ಎಲ್ಲಿಯೂ ಮುರಿಯದೆ ಬಂತು.

"ಯಾರಮ್ಮಿ ಅದು?" ಎಂದಳು ಚೆಲ್ಲಮ್ಮ.

"ನನ್ನ ಪೇಷೆಂಟು, ಅಜ್ಜಿ."

"ಇಂಥ ಗಂಟಲು ಇರೋನಿಗೆ ಏನ್ ಕಾಯಿಲೆಯೇ?"