ದೇವರ ಮೂಲೆಯ ಬುಟ್ಟಿ

ಕೆಮ್ಮಿನಲ್ಲಿ ರಕ್ತ ಕಂಡ ದಿನವೇ ನನ್ನ ತಟ್ಟೆ ಲೋಟ ಬೇರೆ ಇಟ್ಟುಕೊಂಡೆ. ಹಿಂದೊಮ್ಮೆ ಟಿ.ಬಿ. ಬಂದು ವಾಸಿಯಾಗಿತ್ತು, ಅದೇ ತಿರುಗಿ ಬಂತೆಂದು ಮೊಮ್ಮಗಳನ್ನೂ ಹತ್ತಿರ ಸೇರಿಸಲಿಲ್ಲ. ಮಗು ಬಾಗಿಲಲ್ಲೇ ನಿಂತು, "ತಾತಾ, ನಾನೇನ್ ಮಾಡ್ದೆ?" ಅಂದಿತ್ತು.

ಮಾರಂಡಹಳ್ಳಿಯಿಂದ ನಾನೂ ನನ್ನವಳೂ ಬಸ್ಸಿನಲ್ಲಿ ಸೇಲಂಗೆ ಹೋದೆವು. ಸ್ಕ್ಯಾನ್ ನೋಡಿ ಡಾಕ್ಟರಮ್ಮ ತಮಿಳಿನಲ್ಲಿ ನಿಧಾನವಾಗಿ ಬಿಡಿಸಿ ಹೇಳಿದರು. ಇದು ಟಿ.ಬಿ. ಅಲ್ಲ. ಆದರೆ ಹಳೇ ಟಿ.ಬಿ. ಶ್ವಾಸಕೋಶದಲ್ಲಿ ಒಂದು ಪೊಟರೆ ಬಿಟ್ಟು ಹೋಗಿದೆ, ಅದರೊಳಗೆ ಬೂಷ್ಟು ಬೆಳೆದು ಉಂಡೆಗಟ್ಟಿದೆ. ಎಲ್ಲರೂ ದಿನಾ ಉಸಿರಾಡುವ ಬೂಷ್ಟೇ ಅದು, ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ.

"ಮನೇಲಿ ಬೂಷ್ಟು ಹಿಡಿದದ್ದು ಏನಾದರೂ ಇದೆಯಾ ಐಯಾ?"

"ಶಿವ ಶಿವಾ! ದಿನಾ ಸಾರಿಸೋ ಮನೆ ಅಮ್ಮಾ."

ಪಕ್ಕದಲ್ಲಿದ್ದ ನನ್ನವಳು ಕನ್ನಡದಲ್ಲೇ ಸಿಡಿದಳು. "ದೇವ್ರ ಮೂಲೇಲಿ ಬುಟ್ಟಿ ಐತಲ್ಲ! ಪೂಜೆ ಹೂವ ತುಳೀಬಾರ್ದು, ಹೊಳೇಲಿ ನೀರು ಬಂದಾಗ ಬಿಡ್ತೀನಿ ಅಂತ ತಿಂಗಳುಗಟ್ಟಲೆ ಕೂಡಾಕ್ತೀರಿ. ಮೇಲೆಲ್ಲಾ ಬೂಷ್ಟು. ಅದ್ರ ಪಕ್ಕಾನೇ ಕೂತು ಜಪ ಬೇರೆ!"

"ಎನ್ನ ಸೊಲ್ರಾಂಗ?" ಏನು ಹೇಳುತ್ತಾರೆಂದು ಡಾಕ್ಟರಮ್ಮ ನನ್ನನ್ನೇ ಕೇಳಿದರು. ನನ್ನ ತಪ್ಪನ್ನು ನಾನೇ ತಮಿಳಿಗೆ ತಿರುಗಿಸಿ ಒಪ್ಪಿಸಬೇಕಾಯಿತು.

"ಅದರಿಂದಲೇ ಬಂತು ಅನ್ನೋಕಾಗಲ್ಲ. ಆದರೂ ನೀವು ಇನ್ನು ಅದರ ಹತ್ತಿರ ಹೋಗಬೇಡಿ," ಅಂದು ಮಾತ್ರೆ ಬರೆದುಕೊಟ್ಟರು.

ಮನೆಗೆ ಬಂದವನೇ ಮೊಮ್ಮಗಳನ್ನು ಎತ್ತಿಕೊಂಡೆ. ತಟ್ಟೆಯೂ ಎಲ್ಲರ ತಟ್ಟೆಗಳ ಜೊತೆ ಸೇರಿತು. ಈಗ ಪೂಜೆಯ ಹೂವು ಅಂದಂದೇ ತೆಂಗಿನ ಬುಡಕ್ಕೆ ಹೋಗುತ್ತದೆ, ಹಾಕುವವಳು ನನ್ನವಳು. ದೇವರು ಇದುವರೆಗೆ ಏನೂ ಅಂದಿಲ್ಲ. ಅನ್ನಬೇಕಾದದ್ದನ್ನೆಲ್ಲ ಅವಳೇ ಅಂದು ಮುಗಿಸಿದ್ದಾಳೆ.